ಸೀರಿಯಲ್ ಡಿವೈಸ್ ಸರ್ವರ್ ಉತ್ತರಿಸದಿದ್ದಾಗ: ತಂತಿಯಿಂದ ಟಿಎಲ್‌ಎಸ್‌ವರೆಗೆ ದೋಷ ಹುಡುಕುವ ಕ್ರಮ

ಸೀರಿಯಲ್ ಡಿವೈಸ್ ಸರ್ವರ್ ಎಂಬ ಪುಟ್ಟ ಡಬ್ಬಿಗೆ ಎರಡು ಮುಖ. ಒಂದು ಕಡೆ ಬಿಟ್‌ಗಳನ್ನು ಒಂದರ ಹಿಂದೊಂದು ಸಾಗಿಸುವ ಆರ್‌ಎಸ್-232 ಅಥವಾ ಆರ್‌ಎಸ್-485 ಸೀರಿಯಲ್ ಪೋರ್ಟು, ಇನ್ನೊಂದು ಕಡೆ ಈಥರ್ನೆಟ್. ಯುಪಿಎಸ್, ಪಿಎಲ್‌ಸಿ (ಕಾರ್ಖಾನೆಯ ಯಂತ್ರ ನಡೆಸುವ ನಿಯಂತ್ರಕ), ವಿದ್ಯುತ್ ಮೀಟರು, ತೂಕದ ಯಂತ್ರ, ನೆಟ್‌ವರ್ಕ್ ಸ್ವಿಚ್ಚಿನ ಕನ್ಸೋಲ್, ಹೀಗೆ ಸೀರಿಯಲ್ ಬಿಟ್ಟರೆ ಬೇರೇನೂ ಗೊತ್ತಿಲ್ಲದ ಉಪಕರಣಗಳನ್ನು ಅದು ನೆಟ್‌ವರ್ಕಿಗೆ ತಂದು ಕೂರಿಸುತ್ತದೆ. ಕೆಲಸ ಸರಳ. ಕೆಟ್ಟಾಗ ಮಾತ್ರ ತಲೆ ಕೆಡುತ್ತದೆ. ಏಕೆಂದರೆ ತಂತಿ ಸಡಿಲವಾಗಿದ್ದರೂ, ಬಾಡ್ ರೇಟ್ (ಸೀರಿಯಲ್ ಸಾಲಿನ ವೇಗ) ತಪ್ಪಿದ್ದರೂ, ಫೈರ್‌ವಾಲ್ ತಡೆದಿದ್ದರೂ, ಸರ್ಟಿಫಿಕೇಟಿನ ಅವಧಿ ಮುಗಿದಿದ್ದರೂ ಪರದೆಯ ಮೇಲೆ ಕಾಣುವುದು ಒಂದೇ: ಉತ್ತರ ಬರುತ್ತಿಲ್ಲ.

ಹೆಚ್ಚಿನ ಅನಾಹುತ ಹುಟ್ಟುವುದು ಈ ಗೊಂದಲದಲ್ಲೇ. ಟಿಎಲ್‌ಎಸ್ (ಸಂಪರ್ಕವನ್ನು ಗೂಢಲಿಪಿಯಲ್ಲಿ ಸುತ್ತುವ ಪದರ) ಆಫ್ ಮಾಡಿ ನೋಡೋಣ, ಅನುಮತಿ ಇರುವ ಐಪಿಗಳ ಪಟ್ಟಿ ತೆಗೆದು ನೋಡೋಣ, ಪಾಸ್‌ವರ್ಡ್ ಖಾಲಿ ಬಿಟ್ಟು ನೋಡೋಣ ಎಂದು ಒಂದೊಂದೇ ಕಳಚುತ್ತಾ ಹೋಗುತ್ತಾರೆ. ಎಲ್ಲೋ ಒಂದು ಕಡೆ ಕೆಲಸ ಶುರುವಾಗುತ್ತದೆ, ಕಳಚಿದ್ದು ಕಳಚಿದಂತೆಯೇ ಉಳಿಯುತ್ತದೆ. ಆದ್ದರಿಂದ ಮೊದಲು ದೋಷ ಸೀರಿಯಲ್ ಕಡೆ ಇದೆಯೋ ನೆಟ್‌ವರ್ಕ್ ಕಡೆ ಇದೆಯೋ ತೀರ್ಮಾನಿಸಿ. ಅದು ಖಚಿತವಾಗುವವರೆಗೆ ಯಾವ ಭದ್ರತಾ ಸೆಟ್ಟಿಂಗನ್ನೂ ಮುಟ್ಟಬೇಡಿ. ಈ ಬರಹದಲ್ಲಿ ಮುಂದೆ ಬರುವುದೆಲ್ಲ ಈ ಒಂದು ನಿಯಮದ ಮೇಲೆ ನಿಂತಿದೆ.

ದಾರಿಯನ್ನು ಎರಡಾಗಿ ಸೀಳಿ

ಉಪಕರಣದ ಕೇಬಲನ್ನು ಡಬ್ಬಿಯಿಂದ ಬಿಚ್ಚಿ. ಆರ್‌ಎಸ್-232 ಪೋರ್ಟಿಗೆ ಒಂಬತ್ತು ಪಿನ್ನಿನ ಕನೆಕ್ಟರ್ ಇದ್ದರೆ 2 ಮತ್ತು 3ನೇ ಪಿನ್ನುಗಳನ್ನು ಒಂದು ತುಂಡು ತಂತಿಯಿಂದ (ಇದೇ ಜಂಪರ್) ಸೇರಿಸಿ. ಫ್ಲೋ ಕಂಟ್ರೋಲ್ (ಎದುರಿನವರಿಗೆ ಸ್ವಲ್ಪ ತಡೆ ಎನ್ನುವ ವ್ಯವಸ್ಥೆ) ಬೇಡ ಎಂದು ಇಡಿ. ಆಮೇಲೆ ಎಂದಿನ ದಾರಿಯಲ್ಲೇ, ಅಂದರೆ ಅದೇ ಕಂಪ್ಯೂಟರಿನಿಂದ, ಅದೇ ಫೈರ್‌ವಾಲ್, ಅದೇ ಟಿಎಲ್‌ಎಸ್ ದಾಟಿ ಡೇಟಾ ಪೋರ್ಟಿಗೆ (ಸೀರಿಯಲ್ ಮಾತು ಹರಿಯುವ ನೆಟ್‌ವರ್ಕ್ ಪೋರ್ಟ್) ಸಂಪರ್ಕಿಸಿ ನಾಲ್ಕಕ್ಷರ ಒತ್ತಿ. ಒತ್ತಿದ್ದು ತಿರುಗಿ ಬಂದರೆ ನೆಟ್‌ವರ್ಕ್, ಭದ್ರತೆ, ಡಬ್ಬಿಯೊಳಗಿನ ಸೀರಿಯಲ್ ಚಿಪ್ ಮೂರೂ ಸರಿಯಿವೆ. ಇನ್ನು ಹುಡುಕಬೇಕಾದದ್ದು ಕೇಬಲ್, ಉಪಕರಣ, ಬಾಡ್ ರೇಟ್ ಇಷ್ಟರಲ್ಲೇ.

ಇಲ್ಲಿ ಮೋಸಹೋಗುವ ಜಾಗ ಒಂದಿದೆ. ಟರ್ಮಿನಲ್ ಪ್ರೋಗ್ರಾಮಿನಲ್ಲಿ ಲೋಕಲ್ ಎಕೋ ಚಾಲೂ ಇದ್ದರೆ, ಒತ್ತಿದ ಅಕ್ಷರ ಡಬ್ಬಿಯವರೆಗೆ ಹೋಗದೆಯೂ ಪರದೆಯ ಮೇಲೆ ಕಾಣುತ್ತದೆ. ಹಾಗಾಗಿ ಪಿನ್ನುಗಳ ನಡುವಿನ ತಂತಿ ತೆಗೆದು ಮತ್ತೊಮ್ಮೆ ಒತ್ತಿ ನೋಡಿ. ಈಗ ಅಕ್ಷರ ಬರಬಾರದು. ತಂತಿ ಇದ್ದಾಗ ಬಂದು, ತೆಗೆದಾಗ ನಿಂತರೆ ಮಾತ್ರ ಪರೀಕ್ಷೆ ನಿಜ. ಇನ್ನೊಂದು ಮಾತು: ಈ ಪರೀಕ್ಷೆಯಲ್ಲಿ ಕಳಿಸುವುದೂ ಸ್ವೀಕರಿಸುವುದೂ ಒಂದೇ ಚಿಪ್ ಆದ್ದರಿಂದ ಬಾಡ್ ರೇಟ್ ತಪ್ಪಿದ್ದರೆ ಇಲ್ಲಿ ಸಿಕ್ಕಿಬೀಳುವುದಿಲ್ಲ.

ಅಕ್ಷರ ತಿರುಗಿ ಬರದಿದ್ದರೆ ಡಬ್ಬಿಯ ನಿರ್ವಹಣಾ ಪುಟದಲ್ಲಿ ಪೋರ್ಟಿನ ಲೆಕ್ಕಗಳನ್ನು ತೆರೆಯಿರಿ. ಕಳಿಸಿದ ಬೈಟುಗಳ ಸಂಖ್ಯೆ ಏರುತ್ತಿದೆಯೇ? ಏರುತ್ತಿದ್ದರೆ ನೆಟ್‌ವರ್ಕಿನಿಂದ ಬಂದದ್ದು ಸೀರಿಯಲ್ ಚಿಪ್ಪಿನವರೆಗೆ ತಲುಪಿದೆ. ಆಗ ಜಂಪರ್ ಹಾಕಿದ ಪಿನ್ ತಪ್ಪಿರಬಹುದು, ಇಲ್ಲವೇ ಪೋರ್ಟು ಆರ್‌ಎಸ್-485 ಎಂದು ಹೊಂದಿಸಲ್ಪಟ್ಟಿರಬಹುದು. ಸಂಖ್ಯೆ ಅಲುಗದಿದ್ದರೆ ಸೀರಿಯಲ್ ಕಡೆ ತಿರುಗಿಯೂ ನೋಡಬೇಡಿ, ದೋಷ ನೆಟ್‌ವರ್ಕಿನ ಅರ್ಧದಲ್ಲಿದೆ.

ಸೀರಿಯಲ್ ಪೋರ್ಟಿಗೂ ಆರ್‌ಜೆ45 ಕನೆಕ್ಟರನ್ನೇ ಕೊಡುವ ಡಬ್ಬಿಗಳಿವೆ. ಅವುಗಳ ಪಿನ್ ಕ್ರಮ ಒಬ್ಬೊಬ್ಬ ತಯಾರಕರದ್ದು ಒಂದೊಂದು ಬಗೆ. ಅಂದಾಜಿನ ಮೇಲೆ ಜಂಪರ್ ಹಾಕದೆ ಆ ಮಾದರಿಯ ಕೈಪಿಡಿ ನೋಡಿ. ಒಂದು ಸ್ವಿಚ್ಚಿನ ಕನ್ಸೋಲ್ ಕೇಬಲ್ ಇನ್ನೊಂದಕ್ಕೆ ಸಲೀಸಾಗಿ ಕೂರುತ್ತದೆ, ಕೂತರೂ ಒಂದಕ್ಷರ ಬಾರದಿರಬಹುದು.

ತಂತಿ, ವೋಲ್ಟೇಜ್, ಬಿಟ್

ಒಂದು ಮಲ್ಟಿಮೀಟರ್ ಇದ್ದರೆ ಕೇಬಲಿನ ಪ್ರಶ್ನೆ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಉಪಕರಣದಿಂದ ಬಂದ ಕೇಬಲಿನ ತುದಿಯನ್ನು ಡಬ್ಬಿಗೆ ಸಿಕ್ಕಿಸದೆ ಕೈಯಲ್ಲಿ ಹಿಡಿಯಿರಿ. ಮೀಟರಿನ ಕಪ್ಪು ತಂತಿ 5ನೇ ಪಿನ್ನಿಗೆ, ಅದು ನೆಲ. ಕೆಂಪು ತಂತಿ ಮೊದಲು 2ಕ್ಕೆ, ಆಮೇಲೆ 3ಕ್ಕೆ. ಆರ್‌ಎಸ್-232ರಲ್ಲಿ ಸುಮ್ಮನಿರುವ ಸಾಲು ಋಣ ವೋಲ್ಟೇಜಿನಲ್ಲಿ ನಿಲ್ಲುತ್ತದೆ, ಸಾಮಾನ್ಯವಾಗಿ −5ರಿಂದ −12ರ ನಡುವೆ. ಡಬ್ಬಿ ಕೇಳಿಸಿಕೊಳ್ಳುವುದು 2ನೇ ಪಿನ್ನಿನಲ್ಲಿ. ಹಾಗಾಗಿ ಆ ಋಣ ವೋಲ್ಟೇಜ್ 2ರಲ್ಲಿ ಸಿಕ್ಕರೆ ಕೇಬಲ್ ಸರಿ. 3ರಲ್ಲಿ ಸಿಕ್ಕರೆ ಎರಡೂ ಕಡೆಯವರು ಒಂದೇ ತಂತಿಯಲ್ಲಿ ಮಾತಾಡುತ್ತಿದ್ದಾರೆ, ಈ ಎರಡು ತಂತಿಗಳನ್ನು ಅದಲು ಬದಲು ಮಾಡುವ ನಲ್ ಮೋಡೆಮ್ ಕೇಬಲ್ ಬೇಕು. ಎರಡರಲ್ಲೂ ಸೊನ್ನೆಯ ಆಸುಪಾಸು ಇದ್ದರೆ ಉಪಕರಣ ಮಲಗಿದೆ, ಇಲ್ಲವೇ ತಂತಿ ಕಡಿದಿದೆ.

ಕೇಬಲ್ ಸರಿಯಿದ್ದೂ ಕಸ ಬರುತ್ತಿದ್ದರೆ ಆ ಕಸವನ್ನೇ ಓದಿ, ಅದರಲ್ಲಿ ಸುಳಿವಿರುತ್ತದೆ. ಬಾಡ್ ರೇಟ್ ತಪ್ಪಿದ್ದರೆ ಒಂದಕ್ಷರವೂ ಸರಿ ಬರುವುದಿಲ್ಲ, ಫ್ರೇಮಿಂಗ್ ದೋಷದ (ಅಕ್ಷರ ಎಲ್ಲಿ ಮುಗಿಯಿತೆಂದು ತಿಳಿಯದ ದೋಷ) ಲೆಕ್ಕ ದಬದಬನೆ ಏರುತ್ತದೆ. ಪ್ಯಾರಿಟಿ (ಒಂದುಗಳ ಸಂಖ್ಯೆ ಸಮ ಅಥವಾ ಬೆಸ ಆಗುವಂತೆ ಸೇರಿಸುವ ತಪಾಸಣೆಯ ಬಿಟ್) ತಪ್ಪಿದ್ದರೆ ಕಥೆ ಬೇರೆ: ಕೆಲವಕ್ಷರ ಸರಿ, ಕೆಲವು ಹಾಳು. ಉಪಕರಣ 7 ಬಿಟ್ ಮತ್ತು ಸಮ ಪ್ಯಾರಿಟಿಯಲ್ಲಿ ಕಳಿಸುತ್ತಿದೆ, ಡಬ್ಬಿ 8 ಬಿಟ್ ಮತ್ತು ಪ್ಯಾರಿಟಿ ಇಲ್ಲ ಎಂದು ಓದುತ್ತಿದೆ ಎನ್ನಿ. ಇಂಗ್ಲಿಷಿನ ಎ, ಬಿ, ಡಿ, ಜಿ ದೊಡ್ಡಕ್ಷರಗಳು ಚೆನ್ನಾಗಿ ಬರುತ್ತವೆ, ಸಿ, ಇ, ಎಫ್ ವಿಚಿತ್ರ ಚಿಹ್ನೆಗಳಾಗುತ್ತವೆ. ಎ ಎಂದರೆ 65, ಅದರಲ್ಲಿ ಎರಡು ಒಂದುಗಳಿವೆ, ಪ್ಯಾರಿಟಿ ಬಿಟ್ ಸೊನ್ನೆಯಾಗಿಯೇ ಉಳಿಯುತ್ತದೆ. ಸಿ ಎಂದರೆ 67, ಅದರಲ್ಲಿ ಮೂರು ಒಂದುಗಳು, ಪ್ಯಾರಿಟಿ ಬಿಟ್ ಒಂದಾಗಿ 128 ಸೇರಿಕೊಂಡು 195 ಆಗಿ ಬರುತ್ತದೆ. ಅರ್ಧಂಬರ್ಧ ಓದಲು ಬರುವ ಸಾಲು ಕಂಡರೆ ಬಾಡ್ ರೇಟನ್ನು ಮುಟ್ಟದೆ ಪ್ಯಾರಿಟಿಯತ್ತ ಹೋಗಿ.

ಲಿನಕ್ಸ್ ಯಂತ್ರವೊಂದನ್ನೇ ಡಿವೈಸ್ ಸರ್ವರ್ ಮಾಡಿಕೊಂಡವರಿಗೆ ಈ ಲೆಕ್ಕಗಳು ಕರ್ನಲ್‌ನಿಂದಲೇ ಸಿಗುತ್ತವೆ. ಮದರ್‌ಬೋರ್ಡಿನ ಸೀರಿಯಲ್ ಪೋರ್ಟುಗಳಿಗೆ ಪ್ರಾಕ್ ಕೋಶದ ಒಳಗೆ ಟಿಟಿವೈ, ಅದರೊಳಗೆ ಡ್ರೈವರ್, ಅದರೊಳಗಿನ ಸೀರಿಯಲ್ ಎಂಬ ಕಡತದಲ್ಲಿ ಕಳಿಸಿದ್ದು, ಬಂದದ್ದು, ಫ್ರೇಮಿಂಗ್, ಪ್ಯಾರಿಟಿ, ಬ್ರೇಕ್, ಓವರ್‌ರನ್ ಎಲ್ಲ ಬೇರೆಬೇರೆಯಾಗಿ ಕಾಣುತ್ತವೆ. ಓವರ್‌ರನ್ ಏರುತ್ತಿದ್ದರೆ ಬಂದದ್ದನ್ನು ಎತ್ತಿಕೊಳ್ಳುವಷ್ಟು ಬೇಗ ಯಂತ್ರ ಓದುತ್ತಿಲ್ಲ ಎಂದರ್ಥ.

ಓದಲು ಬರುತ್ತದೆ, ಬರೆಯಲು ಬರುವುದಿಲ್ಲ ಎಂಬ ದೂರಿನ ಹಿಂದೆ ಬಹುಪಾಲು ಫ್ಲೋ ಕಂಟ್ರೋಲ್ ಇರುತ್ತದೆ. ಡಬ್ಬಿಯಲ್ಲಿ ಆರ್‌ಟಿಎಸ್-ಸಿಟಿಎಸ್ (ಪ್ರತ್ಯೇಕ ತಂತಿಗಳ ಮೂಲಕ ನಡೆಯುವ ಫ್ಲೋ ಕಂಟ್ರೋಲ್) ಚಾಲೂ ಇದೆ, ಕೇಬಲಿನಲ್ಲಿ ಇರುವುದು ಮೂರೇ ತಂತಿ. ಸಿಟಿಎಸ್ ಸಂಕೇತಕ್ಕಾಗಿ ಡಬ್ಬಿ ಕಾಯುತ್ತಲೇ ಇರುತ್ತದೆ. ಸಾಫ್ಟ್‌ವೇರ್ ಫ್ಲೋ ಕಂಟ್ರೋಲಿನ ತೊಂದರೆ ಇನ್ನೂ ಸೂಕ್ಷ್ಮ: ಅದು 17 ಮತ್ತು 19 ಎಂಬ ಬೈಟುಗಳನ್ನು ಮುಂದುವರಿಸು, ನಿಲ್ಲಿಸು ಎಂಬ ಆಜ್ಞೆಗಳಾಗಿ ನುಂಗಿಬಿಡುತ್ತದೆ. ಪಠ್ಯ ಸಾಗುವಾಗ ಏನೂ ತಿಳಿಯುವುದಿಲ್ಲ. ಫರ್ಮ್‌ವೇರ್ ಕಡತ ಕಳಿಸಿದಾಗ ಮಧ್ಯದಲ್ಲಿ ಗಪ್ಪನೆ ನಿಲ್ಲುತ್ತದೆ.

ಆರ್‌ಎಸ್-485ಕ್ಕೆ ಬಂದರೆ ಮೊದಲ ಸಂಶಯ ಎ ಮತ್ತು ಬಿ ತಂತಿಗಳ ಮೇಲೆ. ಈ ಎರಡು ಹೆಸರುಗಳನ್ನು ತಯಾರಕರು ಪರಸ್ಪರ ವಿರುದ್ಧವಾಗಿ ಬಳಸುತ್ತಾರೆ. ಎಗೆ ಎ, ಬಿಗೆ ಬಿ ಜೋಡಿಸಿಯೂ ಉಲ್ಟಾ ಆಗುವುದು ಮಾಮೂಲು. ಅದಲು ಬದಲು ಮಾಡಿ ನೋಡಿದರೆ ಉಪಕರಣಕ್ಕೆ ಹಾನಿಯಾಗದು, ಧೈರ್ಯವಾಗಿ ಮಾಡಿ. ನಂತರ ವಿದ್ಯುತ್ ಆರಿಸಿ ಎರಡು ತಂತಿಗಳ ನಡುವೆ ಓಮ್ ಅಳೆಯಿರಿ. ಸಾಲಿನ ಎರಡು ತುದಿಯಲ್ಲೂ 120 ಓಮ್ ಟರ್ಮಿನೇಟರ್ (ಸಂಕೇತ ಪ್ರತಿಫಲಿಸದಂತೆ ತುದಿಗೆ ಹಾಕುವ ರೆಸಿಸ್ಟರ್) ಇದ್ದರೆ 60ರ ಆಸುಪಾಸು ಬರಬೇಕು. 120 ಬಂದರೆ ಒಂದು ತುದಿ ಖಾಲಿ, 40 ಬಂದರೆ ಯಾರೋ ಮಧ್ಯದಲ್ಲಿ ಮೂರನೆಯದನ್ನು ಹಾಕಿದ್ದಾರೆ. ಯಾರೂ ಮಾತಾಡದಾಗಲೂ ಕಸದಕ್ಷರ ಬರುತ್ತಿದ್ದರೆ ಸುಮ್ಮನಿರುವ ಸಾಲನ್ನು ಒಂದೇ ಸ್ಥಿತಿಯಲ್ಲಿ ಹಿಡಿದಿಡುವ ಬಯಸ್ ರೆಸಿಸ್ಟರ್ ಇಲ್ಲ: ಎರಡು ತಂತಿಗಳ ವ್ಯತ್ಯಾಸ 200 ಮಿಲಿವೋಲ್ಟಿಗಿಂತ ಕಡಿಮೆಯಾದರೆ ಸ್ವೀಕರಿಸುವ ಚಿಪ್ ಅದನ್ನು ಒಂದು ಎಂದೂ ಓದಬಹುದು, ಸೊನ್ನೆ ಎಂದೂ ಓದಬಹುದು.

ಸಂಪರ್ಕ ನಿರಾಕರಣೆ ಬೇರೆ, ಮೌನ ಬೇರೆ

ನೆಟ್‌ವರ್ಕಿನ ಅರ್ಧದಲ್ಲಿ ಮೊದಲು ಕೇಳಬೇಕಾದದ್ದು, ಸಂಪರ್ಕ ಹೇಗೆ ವಿಫಲವಾಯಿತು ಎಂದು. ಕೂಡಲೇ ನಿರಾಕರಣೆ ಬಂತೇ, ಬಹಳ ಹೊತ್ತು ಕಾದು ಸೋತಿತೇ, ಸಂಪರ್ಕವಾಗಿ ಕಡಿದುಹೋಯಿತೇ?

ಕೂಡಲೇ ನಿರಾಕರಣೆ ಬಂದರೆ ಡಬ್ಬಿ ಜೀವಂತವಾಗಿದೆ, ಆ ಪೋರ್ಟ್ ಸಂಖ್ಯೆಯಲ್ಲಿ ಮಾತ್ರ ಯಾರೂ ಕಾಯುತ್ತಿಲ್ಲ. ಸಂಖ್ಯೆ ತಪ್ಪಿರಬಹುದು. ತಯಾರಕರ ಪೈಕಿ ಮೋಕ್ಸಾದ ಎನ್‌ಪೋರ್ಟ್ ಟಿಸಿಪಿ ಸರ್ವರ್ ಕ್ರಮದಲ್ಲಿ ಮೊದಲ ಪೋರ್ಟಿಗೆ 4001 ಕೊಡುತ್ತದೆ, ಲ್ಯಾಂಟ್ರಾನಿಕ್ಸ್ ಸಾಧನಗಳಲ್ಲಿ 10001 ಸಾಮಾನ್ಯ, ಡಿಜಿಯ ರಿಯಲ್‌ಪೋರ್ಟ್ 771ರಲ್ಲಿ ಇರುತ್ತದೆ, ಅದರ ಗೂಢಲಿಪೀಕೃತ ರೂಪ 1027ರಲ್ಲಿ. ಡಬ್ಬಿಯನ್ನು ತಾನೇ ಹೊರಗೆ ಕರೆ ಮಾಡುವ ಕ್ಲೈಂಟ್ ಕ್ರಮಕ್ಕೆ ಹಾಕಿದ್ದರೂ ಇದೇ ನಿರಾಕರಣೆ ಕಾಣುತ್ತದೆ.

ಬಹಳ ಹೊತ್ತು ಕಾದು ಸೋತರೆ ಪ್ಯಾಕೆಟ್ ದಾರಿಯಲ್ಲೇ ಬಿದ್ದುಹೋಗುತ್ತಿದೆ. ಫೈರ್‌ವಾಲ್ ಇರಬಹುದು, ಡಬ್ಬಿಯ ಒಳಗಿನ ಅನುಮತಿ ಪಟ್ಟಿ ಇರಬಹುದು. ಅದೇ ಸಬ್‌ನೆಟ್ಟಿನಿಂದ ಸಿಗುತ್ತದೆ, ಬೇರೆ ಸಬ್‌ನೆಟ್ಟಿನಿಂದ ಸಿಗುವುದಿಲ್ಲ ಎಂದಾದರೆ ಡಬ್ಬಿಯಲ್ಲಿ ಡೀಫಾಲ್ಟ್ ಗೇಟ್‌ವೇ ಬರೆದಿದೆಯೇ ನೋಡಿ. ನಿಮ್ಮ ಪ್ಯಾಕೆಟ್ ಅಲ್ಲಿಗೆ ತಲುಪುತ್ತಿದೆ, ಅದಕ್ಕೆ ಹಿಂದಿರುಗುವ ದಾರಿ ಗೊತ್ತಿಲ್ಲ. ತಯಾರಕರ ಹುಡುಕುವ ಸಾಫ್ಟ್‌ವೇರ್ ಡಬ್ಬಿಯನ್ನು ತೋರಿಸುತ್ತಿಲ್ಲ ಎಂಬುದು ಮಾತ್ರ ದೋಷದ ಲಕ್ಷಣವಲ್ಲ. ಆ ಹುಡುಕಾಟ ಸಾಮಾನ್ಯವಾಗಿ ಬ್ರಾಡ್‌ಕಾಸ್ಟ್ ಮೇಲೆ ನಡೆಯುತ್ತದೆ, ಬ್ರಾಡ್‌ಕಾಸ್ಟ್ ರೂಟರ್ ದಾಟುವುದಿಲ್ಲ.

ಒಂದೇ ಮಾದರಿಯ ಎರಡು ಹೊಸ ಡಬ್ಬಿಗಳನ್ನು ಒಟ್ಟಿಗೆ ಸಿಕ್ಕಿಸಬೇಡಿ. ಕಾರ್ಖಾನೆಯಿಂದ ಬರುವಾಗ ಎರಡಕ್ಕೂ ಒಂದೇ ಐಪಿ ಇರಬಹುದು, ಎನ್‌ಪೋರ್ಟಿಗೆ 192.168.127.254 ಇರುವಂತೆ. ಆಗ ಸಂಪರ್ಕ ಒಮ್ಮೆ ಒಂದಕ್ಕೆ, ಇನ್ನೊಮ್ಮೆ ಇನ್ನೊಂದಕ್ಕೆ ಹೋಗುತ್ತದೆ. ಸೆಟ್ಟಿಂಗ್ ಉಳಿಯುತ್ತಿಲ್ಲ ಎಂದು ಡಬ್ಬಿಯನ್ನು ಬೈಯುವ ಮುನ್ನ ಎಆರ್‌ಪಿ ಕೋಷ್ಟಕದಲ್ಲಿ (ಯಾವ ಐಪಿ ಯಾವ ಯಂತ್ರದ್ದು ಎಂಬ ಪಟ್ಟಿ) ಮ್ಯಾಕ್ ವಿಳಾಸ ಬದಲಾಗುತ್ತಿದೆಯೇ ನೋಡಿ.

ಅರ್ಧ ಸತ್ತ ಸಂಪರ್ಕದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಸುಮ್ಮನೆ ರೀಸ್ಟಾರ್ಟ್ ಮಾಡಿಸಿಕೊಳ್ಳುವ ದೋಷಗಳಲ್ಲಿ ಇದು ಮುಂದಿದೆ. ಪೋರ್ಟಿಗೆ ಒಬ್ಬರೇ ಎಂಬ ಮಿತಿ ಇದೆ. ಸಂಪರ್ಕದಲ್ಲಿದ್ದ ಲ್ಯಾಪ್‌ಟಾಪಿನ ವಿದ್ಯುತ್ ಹೋಯಿತು, ಇಲ್ಲವೇ ನಡುವಿನ ಫೈರ್‌ವಾಲ್ ತನ್ನ ನೆನಪಿನಿಂದ ಆ ಸಂಪರ್ಕವನ್ನು ಅಳಿಸಿತು. ಡಬ್ಬಿಗೆ ಯಾರೂ ವಿದಾಯ ಹೇಳಲಿಲ್ಲ, ಹಾಗಾಗಿ ಹಳೆಯ ಸಂಪರ್ಕ ಇನ್ನೂ ಇದೆ ಎಂದೇ ಅದು ನಂಬಿದೆ. ಹೊಸಬರು ಬಂದರೆ ಪೋರ್ಟ್ ಬಿಜಿ ಎನ್ನುತ್ತದೆ. ಮದ್ದು ಟಿಸಿಪಿ ಕೀಪ್‌ಅಲೈವ್, ಅಂದರೆ ಎದುರಿನವರು ಇನ್ನೂ ಇದ್ದಾರೆಯೇ ಎಂದು ತಟ್ಟಿ ನೋಡುವುದು. ಲಿನಕ್ಸಿನಲ್ಲಿ ಇದರ ಮೂಲ ಅವಧಿ 7200 ಸೆಕೆಂಡು, ಆಮೇಲೆ 75 ಸೆಕೆಂಡಿಗೊಮ್ಮೆ 9 ಸಲ ತಟ್ಟಿ ನೋಡುತ್ತದೆ. ಅಂದರೆ ಎರಡು ಗಂಟೆ ಹನ್ನೊಂದು ನಿಮಿಷ ದಾಟಿದ ಮೇಲೆ ಸಂಪರ್ಕ ಸತ್ತಿದೆ ಎಂದು ಒಪ್ಪಿಕೊಳ್ಳುತ್ತದೆ. ಅದನ್ನು ಒಂದೆರಡು ನಿಮಿಷಕ್ಕೆ ಇಳಿಸಿ. ನಿಷ್ಕ್ರಿಯ ಸಂಪರ್ಕ ಕಡಿಯುವ ಟೈಮರ್ ಬೇರೆಯದು, ಅದನ್ನು ಬಳಸುವ ಮುನ್ನ ಯೋಚಿಸಿ. ಗಂಟೆಗೊಮ್ಮೆ ಮಾತ್ರ ಮಾತಾಡುವ ಮೀಟರಿಗೆ ಐದು ನಿಮಿಷದ ನಿಷ್ಕ್ರಿಯ ಮಿತಿ ಹಾಕಿದರೆ ನೀವೇ ಹೊಸ ದೋಷ ಸೃಷ್ಟಿಸಿದಂತೆ. ಬಹಳ ಬಳಕೆದಾರರನ್ನು ಒಟ್ಟಿಗೆ ಬಿಡುವ ಸೆಟ್ಟಿಂಗ್ ಸುಲಭದ ದಾರಿಯಾಗಿ ಕಾಣುತ್ತದೆ. ಅದು ಬೇಡ. ಇಬ್ಬರು ಒಂದೇ ಉಪಕರಣಕ್ಕೆ ಆಜ್ಞೆ ಬರೆಯುವುದು ಪೋರ್ಟ್ ಬಿಜಿ ಆಗುವುದಕ್ಕಿಂತ ಕೆಟ್ಟದ್ದು.

ಸಂಪರ್ಕವಿದೆ, ಮಾತು ಮಾತ್ರ ತಪ್ಪುತ್ತಿದೆ

ಟೆಲ್ನೆಟ್ (ದೂರದ ಟರ್ಮಿನಲ್‌ಗೆಂದು ಆದ ಹಳೆಯ ಪ್ರೋಟೋಕಾಲ್) ಮತ್ತು ಕಚ್ಚಾ ಟಿಸಿಪಿ (ಬೈಟುಗಳನ್ನು ಇದ್ದಂತೆಯೇ ಸಾಗಿಸುವುದು), ಈ ಎರಡನ್ನು ಬೆರೆಸಿದಾಗ ಹುಟ್ಟುವ ದೋಷಗಳು ಮೊದಲ ನೋಟಕ್ಕೆ ಕೇಬಲಿನ ದೋಷದಂತೆಯೇ ಕಾಣುತ್ತವೆ. ಡಬ್ಬಿ ಟೆಲ್ನೆಟ್ ಕ್ರಮದಲ್ಲಿದ್ದು ನಿಮ್ಮ ಪ್ರೋಗ್ರಾಮ್ ಕಚ್ಚಾ ಟಿಸಿಪಿ ಓದುತ್ತಿದ್ದರೆ, ಸಂಪರ್ಕದ ಆರಂಭದಲ್ಲೇ 255, 251, 3 ಎಂಬಂಥ ಬೈಟುಗಳು ಬರುತ್ತವೆ. ಅದು ಉಪಕರಣದ ಮಾತಲ್ಲ, ಟೆಲ್ನೆಟ್ಟಿನ ಒಪ್ಪಂದದ ಮಾತು. ಮುಂದೆ ಪಠ್ಯವೆಲ್ಲ ಸರಿಯಾಗಿ ಸಾಗುತ್ತದೆ. ಬೈನರಿಯಲ್ಲಿ 255 ಬಂದಾಗಲೆಲ್ಲ ಟೆಲ್ನೆಟ್ ಅದನ್ನು ಎರಡು ಸಲ ಕಳಿಸುವುದರಿಂದ ಕಡತ ಉದ್ದವಾಗಿ ಚೆಕ್‌ಸಮ್ ತಪ್ಪುತ್ತದೆ. ಪಠ್ಯ ಸರಿ, ಕಡತ ಮಾತ್ರ ತಪ್ಪು ಎಂಬ ದೂರು ಬಂದ ಕೂಡಲೇ ಇದನ್ನೂ ಸಾಫ್ಟ್‌ವೇರ್ ಫ್ಲೋ ಕಂಟ್ರೋಲನ್ನೂ ನೋಡಿ.

ಉಲ್ಟಾ ಆದಾಗಿನ ಲಕ್ಷಣ ಬೇರೆ. ಡಬ್ಬಿ ಕಚ್ಚಾ, ನಿಮ್ಮದು ಟೆಲ್ನೆಟ್ ಕ್ಲೈಂಟ್. ನೀವು ಒಮ್ಮೆ ಎಂಟರ್ ಒತ್ತಿದರೆ ಎರಡು ಬೈಟು ಹೋಗುತ್ತವೆ. ಸ್ವಿಚ್ಚಿನ ಪರದೆಯಲ್ಲಿ ಪ್ರಾಂಪ್ಟ್ ಎರಡು ಸಲ ಮೂಡುತ್ತದೆ. ಲಾಗಿನ್ ಹೊತ್ತಿಗೆ ಇದು ನಿಜವಾಗಿ ಕಾಡುತ್ತದೆ: ಬಳಕೆದಾರರ ಹೆಸರು ಕೊಟ್ಟು ಎಂಟರ್ ಒತ್ತಿದಿರಿ, ಎರಡನೇ ಬೈಟನ್ನು ಉಪಕರಣ ಖಾಲಿ ಪಾಸ್‌ವರ್ಡ್ ಎಂದು ತೆಗೆದುಕೊಂಡು ಲಾಗಿನ್ ತಪ್ಪಾಗಿದೆ ಎನ್ನುತ್ತದೆ. ಜನ ಇಲ್ಲಿ ಪಾಸ್‌ವರ್ಡ್ ರೀಸೆಟ್ ಮಾಡಲು ಹೋಗುತ್ತಾರೆ. ಪಾಸ್‌ವರ್ಡ್ ಸರಿಯಾಗಿಯೇ ಇತ್ತು.

ಬಾಡ್ ರೇಟನ್ನೂ ನೆಟ್‌ವರ್ಕಿನ ಮೂಲಕವೇ ಬದಲಿಸಬೇಕಾದರೆ 1997ರ ಆರ್‌ಎಫ್‌ಸಿ 2217 ಎಂಬ ಟೆಲ್ನೆಟ್ ವಿಸ್ತರಣೆ ಬೇಕು. ಎರಡೂ ಕಡೆ ಅದನ್ನೇ ಆರಿಸಿದ್ದೀರಿ ಎಂದು ಖಚಿತ ಮಾಡಿಕೊಳ್ಳಿ. ಒಂದು ಕಡೆ ಮಾತ್ರ ಇದ್ದರೆ ಕ್ಲೈಂಟಿನಲ್ಲಿ ಬಾಡ್ ರೇಟ್ ಬದಲಿಸಿದಂತೆ ತೋರುತ್ತದೆ, ಸೀರಿಯಲ್ ಪೋರ್ಟಿನಲ್ಲಿ ಹಳೆಯದೇ ಇರುತ್ತದೆ.

ಮೀಟರು, ಪಿಎಲ್‌ಸಿಗಳು ಮಾತಾಡುವ ಮಾಡ್‌ಬಸ್ ಆರ್‌ಟಿಯು ಬಳಸುವವರಿಗೆ ಕಾಲದ ದೋಷ ಒಂದಿದೆ. ಆ ಪ್ರೋಟೋಕಾಲಿನಲ್ಲಿ ಮೂರೂವರೆ ಅಕ್ಷರದಷ್ಟು ಮೌನ ಬಂದರೆ ಸಂದೇಶ ಮುಗಿಯಿತೆಂದು ಅರ್ಥ. 9600 ಬಾಡಿನಲ್ಲಿ ಅದು ಸುಮಾರು 4 ಮಿಲಿಸೆಕೆಂಡು, 19200ಕ್ಕಿಂತ ಮೇಲೆ 1.75 ಮಿಲಿಸೆಕೆಂಡು ಎಂದು ನಿಗದಿ ಮಾಡಿಕೊಳ್ಳುತ್ತಾರೆ. ನೆಟ್‌ವರ್ಕಿನಲ್ಲಿ ಒಂದು ಸಂದೇಶ ಎರಡು ತುಂಡಾಗಿ, ನಡುವೆ ಹತ್ತು ಮಿಲಿಸೆಕೆಂಡು ಬಿಟ್ಟು ಬಂದರೆ ಡಬ್ಬಿ ಹಾಗೆಯೇ ತಂತಿಗೆ ಇಳಿಸುತ್ತದೆ, ಉಪಕರಣ ಎರಡನ್ನೂ ಬಿಸಾಡುತ್ತದೆ. ದಟ್ಟಣೆ ಇಲ್ಲದಾಗ ಸರಿ, ಕೆಲಸದ ಹೊತ್ತಿನಲ್ಲಿ ಟೈಮ್‌ಔಟ್ ಎಂದು ಕಾಣುವುದು ಇದೇ. ಕಚ್ಚಾ ಸುರಂಗ ಬಿಟ್ಟು ಮಾಡ್‌ಬಸ್ ಗೇಟ್‌ವೇ ಕ್ರಮ ಇರುವ ಡಬ್ಬಿ ಬಳಸಿ. ಅದು 502ನೇ ಪೋರ್ಟಿನಲ್ಲಿ ಪೂರ್ಣ ಸಂದೇಶ ಪಡೆದು, ತಾನೇ ಸಿಆರ್‌ಸಿ ಎಂಬ ತಪಾಸಣಾ ಸಂಖ್ಯೆ ಸೇರಿಸಿ, ಒಂದೇ ಉಸಿರಿಗೆ ತಂತಿಗೆ ಇಳಿಸುತ್ತದೆ.

ಲಿನಕ್ಸ್ ಮತ್ತು ಸರ್‌ಟುನೆಟ್ (ಸೀರಿಯಲ್ ಪೋರ್ಟನ್ನು ನೆಟ್‌ವರ್ಕಿಗೆ ತೆರೆಯುವ ಪ್ರೋಗ್ರಾಮ್) ಬಳಸಿ ಸ್ವಂತ ಡಬ್ಬಿ ಕಟ್ಟಿದವರು ಮೂರು ವಿಷಯ ನೋಡಬೇಕು. ಯುಎಸ್‌ಬಿ ಸೀರಿಯಲ್ ಅಡಾಪ್ಟರುಗಳ ಸಂಖ್ಯೆ ರೀಬೂಟ್ ಆದ ಮೇಲೆ ಅದಲು ಬದಲಾಗಬಹುದು, ಆಗ ನೀವು ಯುಪಿಎಸ್ ಎಂದುಕೊಂಡು ಸ್ವಿಚ್ಚಿಗೆ ಆಜ್ಞೆ ಕಳಿಸುತ್ತೀರಿ. ಸಾಧನದ ಗುರುತಿನಿಂದ ಅಥವಾ ಸಿಕ್ಕಿಸಿದ ಜಾಗದಿಂದ ಲಿನಕ್ಸಿನ ಸಾಧನ ನಿರ್ವಾಹಕ ಯುಡೆವ್ ಕೊಡುವ ಸ್ಥಿರ ಹೆಸರನ್ನೇ ಕಾನ್ಫಿಗರೇಶನ್ನಿನಲ್ಲಿ ಬರೆಯಿರಿ. ಮೋಡೆಮ್‌ಮ್ಯಾನೇಜರ್ ಎಂಬ ಸೇವೆ ಓಡುತ್ತಿದ್ದರೆ ಪೋರ್ಟಿನಲ್ಲಿ ಮೋಡೆಮ್ ಇದೆಯೇ ಎಂದು ತಾನೇ ಆಜ್ಞೆ ಕಳಿಸಿ ನೋಡಬಹುದು. ಸರ್ವರಿನಲ್ಲಿ ಅದು ಬೇಡ, ತೆಗೆಯಿರಿ. ಇನ್ನು ಸರ್‌ಟುನೆಟ್ 4ರಿಂದ ಕಾನ್ಫಿಗರೇಶನ್ ಯಾಮಲ್ ರೂಪಕ್ಕೆ ಬದಲಾಗಿದೆ. ಹಳೆಯ ಕಡತವನ್ನು ತಿದ್ದುತ್ತಾ ಕೂತು ಏನೂ ಬದಲಾಗುತ್ತಿಲ್ಲವಲ್ಲ ಎನ್ನುವವರು ಇದನ್ನು ನೋಡಲಿ.

ಭದ್ರತೆಯೇ ದೋಷವಾಗಿ ಕಾಣುವಾಗ

ಈ ಡಬ್ಬಿಗಳನ್ನು ಏಕೆ ಇಷ್ಟು ಜೋಪಾನ ಮಾಡಬೇಕು? 2013ರ ಏಪ್ರಿಲ್‌ನಲ್ಲಿ ರ‍್ಯಾಪಿಡ್7 ಸಂಸ್ಥೆಯ ಎಚ್‌.ಡಿ. ಮೂರ್ ಪ್ರಕಟಿಸಿದ ಅಧ್ಯಯನದಲ್ಲಿ ಇಂಟರ್‌ನೆಟ್ಟಿಗೆ ತೆರೆದುಕೊಂಡ ಇಂಥ 1,14,000ಕ್ಕೂ ಹೆಚ್ಚು ಐಪಿಗಳು ಸಿಕ್ಕವು. 13,000ಕ್ಕೂ ಹೆಚ್ಚು ಕಡೆ ಪಾಸ್‌ವರ್ಡನ್ನೇ ಕೇಳದೆ ರೂಟ್ ಶೆಲ್ (ಪೂರ್ಣ ಅಧಿಕಾರದ ಆಜ್ಞಾ ಪರದೆ), ಕನ್ಸೋಲ್ ಅಥವಾ ನಿರ್ವಹಣಾ ಪರದೆ ತೆರೆದುಕೊಂಡಿತು. 2015ರ ಡಿಸೆಂಬರ್ 23ರಂದು ಉಕ್ರೇನಿನ ವಿದ್ಯುತ್ ಜಾಲದ ಮೇಲೆ ನಡೆದ ದಾಳಿಯಲ್ಲಿ, ಉಪಕೇಂದ್ರಗಳಲ್ಲಿದ್ದ ಸೀರಿಯಲ್-ಈಥರ್ನೆಟ್ ಪರಿವರ್ತಕಗಳ ಫರ್ಮ್‌ವೇರನ್ನೇ ದಾಳಿಕೋರರು ಹಾಳುಗೆಡವಿದರು. ಸುಮಾರು 2,25,000 ಗ್ರಾಹಕರಿಗೆ ಕರೆಂಟ್ ಹೋಗಿತ್ತು. ಅದು ಮರಳಿ ಬಂದ ಮೇಲೂ ದೂರದಿಂದ ನಿಯಂತ್ರಿಸುವ ದಾರಿ ಕಡಿದುಹೋಗಿತ್ತು. ಪೋರ್ಟಿನ ಆ ತುದಿಯಲ್ಲಿರುವ ಉಪಕರಣಕ್ಕೆ ತನ್ನದೇ ರಕ್ಷಣೆ ಬಹುಪಾಲು ಇರುವುದಿಲ್ಲ. ತಂತಿಯಲ್ಲಿ ಬಂದದ್ದನ್ನೆಲ್ಲ ಅದು ನಂಬುತ್ತದೆ.

ಟಿಎಲ್‌ಎಸ್ ಸಂಪರ್ಕ ಸೋತರೆ ಮೊದಲು ಡಬ್ಬಿಯ ಗಡಿಯಾರ ನೋಡಿ. ಗಡಿಯಾರಕ್ಕೆ ಬ್ಯಾಟರಿ ಇಲ್ಲದ ಮಾದರಿಗಳು ವಿದ್ಯುತ್ ಹೋಗಿ ಬಂದಾಗ ಎಷ್ಟೋ ವರ್ಷ ಹಿಂದಿನ ದಿನಾಂಕದಲ್ಲಿ ಏಳುತ್ತವೆ. ಡಬ್ಬಿ ಎದುರಿನವರ ಸರ್ಟಿಫಿಕೇಟ್ ಪರಿಶೀಲಿಸುತ್ತಿದ್ದರೆ ಅದು ಇನ್ನೂ ಜಾರಿಗೇ ಬಂದಿಲ್ಲ ಎಂದು ತಿರಸ್ಕರಿಸುತ್ತದೆ. ನಿನ್ನೆವರೆಗೆ ಸರಿಯಿತ್ತು, ಕರೆಂಟ್ ಹೋಗಿ ಬಂದ ಮೇಲೆ ಹೀಗೆ ಎಂಬ ದೂರಿಗೆ ನೆಟ್‌ವರ್ಕಿನಿಂದ ಸಮಯ ತರುವ ಎನ್‌ಟಿಪಿ ಹೊಂದಿಸುವುದೇ ಪರಿಹಾರ. ಪರಿಶೀಲನೆಯನ್ನು ಆಫ್ ಮಾಡುವುದು ಪರಿಹಾರವಲ್ಲ.

ಹಳೆಯ ಫರ್ಮ್‌ವೇರ್ ಟಿಎಲ್‌ಎಸ್ 1.0 ಅಥವಾ 1.1 ಮಾತ್ರ ಬಲ್ಲದಾದರೆ ಹೊಸ ಕ್ಲೈಂಟ್ ಒಪ್ಪುವುದಿಲ್ಲ. ಆ ಎರಡನ್ನೂ 2021ರ ಮಾರ್ಚಿನಲ್ಲಿ ಆರ್‌ಎಫ್‌ಸಿ 8996 ಅಧಿಕೃತವಾಗಿ ಕೈಬಿಟ್ಟಿತು. ಗೂಢಲಿಪಿಯಲ್ಲಿ ಲಾಗಿನ್ ಆಗುವ ಎಸ್‌ಎಸ್‌ಎಚ್‌ನಲ್ಲಿ ಇದರ ಜೋಡಿ ದೋಷವೆಂದರೆ, ಹೊಂದುವ ಹೋಸ್ಟ್ ಕೀ ಸಿಗಲಿಲ್ಲ, ಎದುರಿನವರು ಕೊಟ್ಟದ್ದು ಎಸ್‌ಎಸ್‌ಎಚ್-ಆರ್‌ಎಸ್‌ಎ ಎನ್ನುವ ಸಂದೇಶ. 2021ರ ಓಪನ್‌ಎಸ್‌ಎಸ್‌ಎಚ್ 8.8ರಿಂದ ಶಾ-1 ಎಂಬ ಹಳೆಯ ಹ್ಯಾಶ್ ಬಳಸುವ ಆ ಸಹಿ ಮೂಲತಃ ಆಫ್ ಆಗಿದೆ. ಫರ್ಮ್‌ವೇರ್ ನವೀಕರಿಸಿ. ತಯಾರಕರು ಕೈಬಿಟ್ಟ ಮಾದರಿಯಾಗಿದ್ದರೆ ಕ್ಲೈಂಟಿನ ಕಾನ್ಫಿಗರೇಶನ್ನಿನಲ್ಲಿ ಆ ಒಂದು ವಿಳಾಸಕ್ಕೆ ಮಾತ್ರ ವಿನಾಯಿತಿ ಬರೆಯಿರಿ, ಎಲ್ಲ ಹೋಸ್ಟುಗಳಿಗೆ ಅನ್ವಯಿಸುವಂತೆ ಎಂದಿಗೂ ಬರೆಯಬೇಡಿ. ಅದಕ್ಕಿಂತ ಒಳ್ಳೆಯದು, ಆ ಡಬ್ಬಿಯನ್ನು ಪ್ರತ್ಯೇಕ ವಿಎಲ್‌ಎಎನ್‌ನಲ್ಲಿ (ಸ್ವಿಚ್ಚಿನೊಳಗೇ ಬೇರ್ಪಡಿಸಿದ ನೆಟ್‌ವರ್ಕ್) ಇಟ್ಟು ಮುಂದೆ ಒಂದು ಹೊಸ ಲಿನಕ್ಸ್ ಯಂತ್ರವನ್ನು ದ್ವಾರಪಾಲಕನಂತೆ ನಿಲ್ಲಿಸುವುದು. ಸರ್‌ಟುನೆಟ್ ಬಳಸುವವರೂ ಅದನ್ನು 127.0.0.1ಕ್ಕೆ (ಆ ಯಂತ್ರದ ಒಳಗಷ್ಟೇ ಸಿಗುವ ವಿಳಾಸ) ಮಾತ್ರ ಕಟ್ಟಿ ಎಸ್‌ಎಸ್‌ಎಚ್ ಸುರಂಗದಿಂದ ಬರುವಂತೆ ಮಾಡಿದರೆ ಅರ್ಧ ಚಿಂತೆ ಕಳೆಯುತ್ತದೆ.

ಈಗ ಎಲ್ಲಕ್ಕಿಂತ ಗಂಭೀರವಾದ, ದೋಷವೆಂದು ಯಾರೂ ದೂರು ಕೊಡದ ದೋಷ. ಕನ್ಸೋಲ್ ಪೋರ್ಟಿಗೆ ಸಂಪರ್ಕಿಸಿದ ಕೂಡಲೇ ಲಾಗಿನ್ ಕೇಳದೆ ನೇರ ರೂಟ್ ಪ್ರಾಂಪ್ಟ್ ಬರುತ್ತದೆ. ಹಿಂದಿನವರು ಲಾಗ್‌ಔಟ್ ಮಾಡದೆ ಕಿಟಕಿ ಮುಚ್ಚಿ ಹೋಗಿದ್ದಾರೆ. ಟಿಸಿಪಿ ಸಂಪರ್ಕ ಕಡಿಯಿತು, ಸೀರಿಯಲ್ ತಂತಿಗೆ ಆ ಸುದ್ದಿ ತಲುಪಲಿಲ್ಲ. ಮೋಡೆಮ್ ಕಾಲದಲ್ಲಿ ಈ ಸುದ್ದಿ ಒಯ್ಯಲೆಂದೇ ಡಿಸಿಡಿ ಎಂಬ ತಂತಿ ಇತ್ತು. ಮೂರು ತಂತಿಯ ಕೇಬಲಿನಲ್ಲಿ ಅದು ಇಲ್ಲ. ಸರಿಪಡಿಸುವುದು ಹೀಗೆ: ಪೂರ್ಣ ನಲ್ ಮೋಡೆಮ್ ಕೇಬಲಿನಿಂದ ಡಬ್ಬಿಯ ಡಿಟಿಆರ್ (ನಾನು ಸಿದ್ಧ ಎನ್ನುವ ಸಂಕೇತ) ತಂತಿಯನ್ನು ಉಪಕರಣದ ಡಿಸಿಡಿಗೆ ಮುಟ್ಟಿಸಿ, ಟಿಸಿಪಿ ಸಂಪರ್ಕ ಮುಚ್ಚಿದಾಗ ಡಿಟಿಆರ್ ಇಳಿಸುವಂತೆ ಡಬ್ಬಿಗೆ ಹೇಳಿ, ಉಪಕರಣ ಲಿನಕ್ಸ್ ಆಗಿದ್ದರೆ ಲಾಗಿನ್ ಕೇಳುವ ಪ್ರೋಗ್ರಾಮಾದ ಗೆಟ್ಟಿಯಲ್ಲಿ ಲೋಕಲ್ ಲೈನ್ ಆಯ್ಕೆ ತೆಗೆಯಿರಿ. ಆ ಆಯ್ಕೆ ಇದ್ದರೆ ಡಿಸಿಡಿಯನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ತಂತಿ ಬದಲಿಸಲಾಗದಿದ್ದರೆ ಕನ್ಸೋಲ್ ಶೆಲ್ಲಿಗೆ ಕೆಲವೇ ನಿಮಿಷಗಳ ಟೈಮ್‌ಔಟ್ ಕಡ್ಡಾಯ.

ತಂತಿಯ ಕಡೆಯಿಂದಲೂ ಹಾನಿ ಬರಬಹುದು. ಡಬ್ಬಿಯ ಪೋರ್ಟಿನಲ್ಲೂ ಲಾಗಿನ್ ಪ್ರಾಂಪ್ಟ್, ಉಪಕರಣದಲ್ಲೂ ಗೆಟ್ಟಿ ಇದ್ದರೆ ಇಬ್ಬರೂ ಒಬ್ಬರ ಪ್ರಾಂಪ್ಟನ್ನು ಇನ್ನೊಬ್ಬರ ಬಳಕೆದಾರರ ಹೆಸರೆಂದು ಓದಿ ಕೊನೆಯಿಲ್ಲದೆ ಲಾಗಿನ್ ಯತ್ನಿಸುತ್ತಾರೆ. ಲಾಗ್ ತುಂಬ ತಪ್ಪು ಲಾಗಿನ್‌ಗಳು ಕಂಡು ದಾಳಿ ಎಂದು ಗಾಬರಿಯಾಗುವ ಮುನ್ನ ಇದನ್ನು ನೋಡಿ. ಬೂಟ್‌ಲೋಡರ್ ಎಣಿಕೆ ಮಾಡುವಾಗ ತಂತಿಯಲ್ಲಿ ಒಂದು ಕಸದಕ್ಷರ ಬಂದರೂ ಬೂಟ್ ನಿಲ್ಲಬಹುದು. ಸನ್ ಕಂಪನಿಯ ಸ್ಪಾರ್ಕ್ ಯಂತ್ರಗಳಲ್ಲಿ ಡಬ್ಬಿಯ ವಿದ್ಯುತ್ ಆರಿಸಿದಾಗ ತಂತಿಯಲ್ಲಿ ಬ್ರೇಕ್ ಸಂಕೇತ ಮೂಡಿ ಓಡುತ್ತಿದ್ದ ಸರ್ವರೇ ನಿಂತುಬಿಡುವ ದೋಷ ಆ ಯಂತ್ರಗಳನ್ನು ನೋಡಿಕೊಂಡವರಿಗೆ ಚೆನ್ನಾಗಿ ಗೊತ್ತು.

ದುರಸ್ತಿ ಮುಗಿಸುವ ಮುನ್ನ

ಅನಿವಾರ್ಯವಾಗಿ ಏನನ್ನಾದರೂ ಸಡಿಲಿಸಿದ್ದರೆ, ಸಡಿಲಿಸುವ ಮುನ್ನವೇ ಕಾನ್ಫಿಗರೇಶನ್ನಿನ ಪ್ರತಿ ಇಳಿಸಿಕೊಂಡಿರಿ. ಮುಗಿದ ಮೇಲೆ ಎರಡನ್ನೂ ಸಾಲು ಸಾಲಾಗಿ ಹೋಲಿಸಿ. ಆ ಪ್ರತಿಯಲ್ಲಿ ಪಾಸ್‌ವರ್ಡ್ ಮತ್ತು ಖಾಸಗಿ ಕೀ ಇರಬಹುದು, ಇಮೇಲಿನಲ್ಲಿ ಕಳಿಸಬೇಡಿ.

ಅನುಮತಿ ಇರುವ ಯಂತ್ರದಿಂದ ಕೆಲಸ ಮಾಡುತ್ತದೆ ಎಂಬುದು ಅರ್ಧ ಪರೀಕ್ಷೆ. ಅನುಮತಿ ಇಲ್ಲದ ಸಬ್‌ನೆಟ್ಟಿನಿಂದ ತೆರೆದ ಪೋರ್ಟು ಹುಡುಕುವ ಎನ್‌ಮ್ಯಾಪ್ ಓಡಿಸಿ, ಟಿಸಿಪಿ ಮತ್ತು ಯುಡಿಪಿ ಎರಡಕ್ಕೂ. ಡೇಟಾ ಪೋರ್ಟಿಗೆ ಟಿಎಲ್‌ಎಸ್ ಹಾಕಿದ ಮಾತ್ರಕ್ಕೆ ಪಕ್ಕದ ಪೋರ್ಟುಗಳು, ಟೆಲ್ನೆಟ್ ನಿರ್ವಹಣೆ, ಸಾದಾ ಎಚ್‌ಟಿಟಿಪಿ, ಪಬ್ಲಿಕ್ ಎಂಬ ಗುಪ್ತಪದದ ಎಸ್‌ಎನ್‌ಎಂಪಿ (ಸಾಧನಗಳ ಮೇಲ್ವಿಚಾರಣೆಯ ಪ್ರೋಟೋಕಾಲ್) ಮುಚ್ಚಿಕೊಳ್ಳುವುದಿಲ್ಲ. ಹುಡುಕುವ ಸಾಫ್ಟ್‌ವೇರಿಗೆಂದು ತೆರೆದಿರುವ ಯುಡಿಪಿ ಪೋರ್ಟುಗಳನ್ನು ವಿಶೇಷವಾಗಿ ನೋಡಿ: ಮೋಕ್ಸಾದಲ್ಲಿ 4800, ಡಿಜಿಯಲ್ಲಿ 2362, ಲ್ಯಾಂಟ್ರಾನಿಕ್ಸಿನಲ್ಲಿ 30718. ಹಳೆಯ ಕೆಲವು ಲ್ಯಾಂಟ್ರಾನಿಕ್ಸ್ ಸಾಧನಗಳಲ್ಲಿ ಈ 30718ರ ಮೂಲಕ ಟೆಲ್ನೆಟ್ ಪಾಸ್‌ವರ್ಡನ್ನೇ ಓದಿಕೊಳ್ಳಬಹುದಿತ್ತು.

ಕೊನೆಗೆ ಕನ್ಸೋಲಿಗೆ ಲಾಗಿನ್ ಆಗಿ, ಲಾಗ್‌ಔಟ್ ಮಾಡದೆ ಲ್ಯಾಪ್‌ಟಾಪಿನ ನೆಟ್‌ವರ್ಕ್ ಕೇಬಲ್ ಎಳೆಯಿರಿ. ನೀವು ಇಟ್ಟ ಕೀಪ್‌ಅಲೈವ್ ಅವಧಿ, ಅದರ ಮೇಲೆ ಒಂದು ನಿಮಿಷ ಕಾಯಿರಿ. ಬೇರೆ ಯಂತ್ರದಿಂದ ಸಂಪರ್ಕಿಸಿದರೆ ಪೋರ್ಟ್ ಬಿಜಿ ಎನ್ನಬಾರದು, ಹಳೆಯ ಪ್ರಾಂಪ್ಟೂ ಕಾಣಬಾರದು, ಬಳಕೆದಾರರ ಹೆಸರು ಕೇಳಬೇಕು. ಕೇಳದಿದ್ದರೆ ಡಿಸಿಡಿ ತಂತಿಗೆ ಮರಳಿ.